ಗೇಟಿನ ಸಿಲ್ವರ್ ಹಚ್ಚಿದ ಮಿಗ್-21ನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ. ನಾವು ಬಾಗಲಕೋಟೆ ನವನಗರದವರು. ಕಳೆದ 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ವಿದಾಯ ಹೇಳಿದ್ದನ್ನು ಟಿವಿಯಲ್ಲಿ ನೋಡಿ, ಎಂಟನೇ ಇಯತ್ತೆಯ ಮಗಳು ಅದರ ಮಾಡೆಲ್ ಬೇಕೆಂದು ಹಟ ಹಿಡಿದಳು. 1/72 ಅಳತೆಯ ಮಿಗ್-21 ಎಫ್‌ಎಲ್ ಪ್ಲಾಸ್ಟಿಕ್ ಕಿಟ್ ತರಿಸಿ ಇಬ್ಬರೂ ಕೂಡಿ ಕಟ್ಟಿದೆವು. ಎಲ್ಲವನ್ನೂ ಸೂಪರ್ ಗ್ಲೂನಿಂದ ಅಂಟಿಸಿ, ಹಾರ್ಡ್‌ವೇರ್ ಅಂಗಡಿಯ ಸಿಲ್ವರ್ ಪೇಂಟ್ ಬ್ರಶ್‌ನಿಂದ ಹಚ್ಚಿದೆವು. ಈಗ ನೋಡಿದರೆ ಬೆನ್ನಿನ ಮೇಲೆ ಮೂಗಿನಿಂದ ಬಾಲದವರೆಗೆ ಜಾಯಿಂಟ್ ಗೆರೆ ಎದ್ದು ಕಾಣುತ್ತದೆ. ಪೈಲಟ್ ಮೇಲಿನ ಗಾಜು ಒಳಗಿನಿಂದ ಬೆಳ್ಳಗಾಗಿದೆ. ಮುಟ್ಟಿದಲ್ಲೆಲ್ಲ ಬೆರಳಚ್ಚು. ನೀರಲ್ಲಿ ನೆನೆಸಿ ಅಂಟಿಸುವ ಚಿಹ್ನೆ-ನಂಬರುಗಳ ಡೆಕಲ್ ಸುತ್ತ ಹೊಳೆಯುವ ಬಿಳಿ ಪೊರೆ. ನಿಲ್ಲಿಸಿದರೆ ಮೂಗು ಎತ್ತಿ ಬಾಲದ ಮೇಲೆ ಕೂಡುತ್ತದೆ. ಇನ್ನೊಂದು ಕೋಟ್ ಸಿಲ್ವರ್ ಹಚ್ಚಿದರೆ ಮುಚ್ಚಿಹೋದೀತೆ? ಇಲ್ಲವೆ ಮೊದಲು ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್, ಅದರ ಕಂಪ್ರೆಸರ್ ಕೊಳ್ಳಬೇಕೆ?

ಉತ್ತರ: ಎರಡೂ ಬೇಡ. ಇನ್ನೊಂದು ಕೋಟ್ ಸಿಲ್ವರ್ ಹಚ್ಚಿದರೆ ಈಗಿರುವುದೆಲ್ಲ ಇನ್ನಷ್ಟು ಎದ್ದು ಕಾಣುತ್ತದೆ. ಕಂಪ್ರೆಸರ್ ತಂದರೂ ಅದೇ ಗೆರೆಯ ಮೇಲೆ ಅದೇ ಬಣ್ಣ ಇನ್ನಷ್ಟು ನುಣುಪಾಗಿ ಕೂಡುತ್ತದೆ, ಅಷ್ಟೇ. ವಿಮಾನವನ್ನು ಮಾತ್ರ ಎಸೆಯಬೇಡಿ. ನೀವು ಬರೆದ ಐದೂ ತೊಂದರೆಗಳಿಗೆ ಮನೆಯಲ್ಲೇ ಪರಿಹಾರವಿದೆ. ಆದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಬಣ್ಣದ ಕೆಳಗಿನ ಕೆಲಸವನ್ನು ಈಗ ಮಾಡಬೇಕಾಗುತ್ತದೆ.

ಮೊದಲು ಆ ಡಬ್ಬಿಯ ವಿಷಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಲ್ವರ್ ಎಂದು ಕೊಡುವುದು ಹೆಚ್ಚಾಗಿ ಗೇಟು, ಟ್ರಂಕು, ನೀರಿನ ಪೈಪಿಗೆ ಹಚ್ಚುವ ಅಲ್ಯೂಮಿನಿಯಂ ಪೇಂಟ್. ಅದರಲ್ಲಿನ ಅಲ್ಯೂಮಿನಿಯಂ ಪುಡಿ ಚಪ್ಪಟೆ ಹಳಕುಗಳ ರೂಪದಲ್ಲಿರುತ್ತದೆ. ಹಳಕುಗಳಿಗೆ ಸ್ಟಿಯರಿಕ್ ಆಮ್ಲದ ಲೇಪವಿರುವುದರಿಂದ ಅವು ಎಣ್ಣೆಯೊಳಗೆ ಮುಳುಗದೆ ಮೇಲಕ್ಕೆ ತೇಲಿ ಬಂದು ಒಂದರ ಪಕ್ಕ ಒಂದು ಹಾಸಿಕೊಳ್ಳುತ್ತವೆ. ಬಿಸಿಲು ಮಳೆಗೆ ನಿಲ್ಲುವ ಗೇಟಿಗೆ ಇದು ಬಹಳ ಒಳ್ಳೆಯದು. ಲೋಹದ ಹಾಸೇ ರಕ್ಷಣೆ. ಮಾಡೆಲ್‌ಗೆ ಇದೇ ಕಂಟಕ. ಹಳಕುಗಳ ಮೇಲೆ ಅವನ್ನು ಹಿಡಿದಿಡುವ ಪೊರೆ ಇಲ್ಲದ್ದರಿಂದ ತಿಂಗಳು ಕಳೆದರೂ ಬೆರಳಿಗೆ ಹತ್ತುತ್ತದೆ. ಮೇಲೆ ವಾರ್ನಿಶ್ ಹೊಡೆದರೆ ಹಳಕುಗಳು ಕದಡಿ ಹೊಳಪು ಹೋಗಿ ಬೂದಿಯಾಗುತ್ತದೆ. ಮಾಸ್ಕಿಂಗ್ ಟೇಪ್ ಹಚ್ಚಿ ತೆಗೆದರೆ ಟೇಪಿನೊಂದಿಗೇ ಬರುತ್ತದೆ. ನಿಮ್ಮ ಬೆರಳಚ್ಚುಗಳ ಮೂಲ ಇಲ್ಲಿದೆ. ಮಗಳ ಕೈ ತೊಳೆಸಿದರೆ ಹೋಗುವಂಥದ್ದಲ್ಲ.

ಹಾಗಾಗಿ ಅದನ್ನು ತೆಗೆಯಲೇಬೇಕು. ಎನ್‌ಸಿ ಥಿನ್ನರ್, ಅಸಿಟೋನ್, ಪೆಟ್ರೋಲ್ ಹತ್ತಿರ ಸುಳಿಯಬೇಡಿ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಥಿನ್ನರ್ ಮತ್ತು ಅಸಿಟೋನ್ ಅದನ್ನು ಕರಗಿಸುತ್ತವೆ, ಪೆಟ್ರೋಲ್ ಸೀಳು ಬಿಡಿಸುತ್ತದೆ. ಗ್ಯಾರೇಜಿನಲ್ಲಿ ಸಿಗುವ ಡಾಟ್ 3 ಬ್ರೇಕ್ ಆಯಿಲ್ ಎನಾಮಲ್ ಪೇಂಟನ್ನು ಮೆತ್ತಗೆ ಮಾಡುತ್ತದೆ, ಪ್ಲಾಸ್ಟಿಕ್ಕನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಿಟ್‌ನ ಬಿಡಿಭಾಗಗಳನ್ನು ಹಿಡಿದಿಟ್ಟಿದ್ದ ಚೌಕಟ್ಟಿನ ಕಡ್ಡಿ ಉಳಿದಿರಬೇಕಲ್ಲ, ಸ್ಪ್ರೂ ಎನ್ನುತ್ತೇವೆ. ಅದರ ತುಂಡಿಗೂ ಸಿಲ್ವರ್ ಹಚ್ಚಿ ಒಣಗಿಸಿ ಮೊದಲು ಅದನ್ನು ಒಂದು ರಾತ್ರಿ ನೆನೆಯಿಟ್ಟು ನೋಡಿ. ಸರಿ ಎನಿಸಿದರೆ ವಿಮಾನವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಇಟ್ಟು, ಮರುದಿನ ಹಳೆಯ ಟೂತ್‌ಬ್ರಶ್‌ನಿಂದ ತಿಕ್ಕಿ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ದಿನಗಟ್ಟಲೆ ಅದರಲ್ಲೇ ಬಿಟ್ಟರೆ ಸಣ್ಣ ಭಾಗಗಳು ಪಟ್ಟನೆ ಮುರಿಯುವಂತಾಗುತ್ತವೆ. ಈ ಕೆಲಸ ನಿಮ್ಮದು, ಮಗಳದ್ದಲ್ಲ. ಕೈಗೆ ಗ್ಲೌಸ್ ಇರಲಿ, ಉಳಿದ ಎಣ್ಣೆಯನ್ನು ಗಟಾರಕ್ಕೆ ಸುರಿಯದೆ ಬೇರೆ ಬಾಟಲಿಯಲ್ಲಿ ತುಂಬಿ ಗ್ಯಾರೇಜಿನವರಿಗೇ ಕೊಟ್ಟುಬಿಡಿ. ಡೆಕಲ್‌ಗಳು ಇದರಲ್ಲಿ ಹೋಗುತ್ತವೆ. ಬೇರೆ ಡೆಕಲ್ ಹಾಳೆ ತರಿಸಬೇಕಾಗುತ್ತದೆ, ಇದೊಂದೇ ನಿಜವಾದ ಖರ್ಚು.

ನೆನೆಯಿಡುವ ಮೊದಲು ಗಾಜನ್ನು ಬಿಡಿಸಿಕೊಳ್ಳಿ. ಸೂಪರ್ ಗ್ಲೂ ಚಳಿಗೆ ಪೆಡಸಾಗುತ್ತದೆ. ವಿಮಾನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ತಾಸು ಫ್ರೀಜರ್‌ನಲ್ಲಿ ಇಟ್ಟು ತೆಗೆದು, ಬ್ಲೇಡಿನ ತುದಿಯನ್ನು ಚೌಕಟ್ಟಿನ ಕೆಳಗೆ ನಿಧಾನವಾಗಿ ತೂರಿಸಿದರೆ ಹೆಚ್ಚಾಗಿ ಕಟ್ಟೆಂದು ಬಿಟ್ಟುಕೊಡುತ್ತದೆ. ಬೆಳ್ಳಗಾದದ್ದಕ್ಕೆ ಕಾರಣವೂ ಅದೇ ಅಂಟು. ಗಟ್ಟಿಯಾಗುವಾಗ ಅದರಿಂದ ಏಳುವ ಆವಿ ಗಾಳಿಯ ತೇವದೊಂದಿಗೆ ಸೇರಿ ಮುಚ್ಚಿದ ಗಾಜಿನ ಒಳಮೈಯಲ್ಲಿ ಬಿಳಿ ಪುಡಿಯಾಗಿ ಕೂಡುತ್ತದೆ. ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವುದು ಇದನ್ನೇ. ಪೂರ್ತಿ ಹೋಗದಿದ್ದರೆ 2000 ನಂಬರಿನ ವಾಟರ್ ಪೇಪರ್, ಆಮೇಲೆ ಬಿಳಿ ಟೂತ್‌ಪೇಸ್ಟ್, ಆಮೇಲೆ ಹೊಳಪಿನ ಕ್ಲಿಯರ್ ಅಕ್ರಿಲಿಕ್‌ನಲ್ಲಿ ಒಂದು ಮುಳುಗು. ಮರಳಿ ಕೂಡಿಸುವಾಗ ಬಿಳಿ ಫೆವಿಕಾಲ್ ಸಾಕು. ಒಣಗಿದರೆ ಕಾಣುವುದಿಲ್ಲ, ಆವಿ ಬಿಡುವುದಿಲ್ಲ, ಹೆಚ್ಚಾದದ್ದು ಒದ್ದೆ ಬಟ್ಟೆಗೆ ಬರುತ್ತದೆ. ಗಾಜು ಏನನ್ನೂ ಹೊರಬೇಕಾಗಿಲ್ಲ, ಗಟ್ಟಿ ಅಂಟಿನ ಅಗತ್ಯವೇ ಇಲ್ಲ.

ಇನ್ನು ಬೆನ್ನಿನ ಗೆರೆ. ಇದರ ಮೇಲೆ ಎಷ್ಟು ಹೊತ್ತು ಕಳೆಯುತ್ತೀರೋ ಮಾಡೆಲ್ ಅಷ್ಟು ಚೆಂದ ಬರುತ್ತದೆ, ಆದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಿಜವಾದ ಮಿಗ್-21ರ ರೆಕ್ಕೆಯ ಹರವು 7.15 ಮೀಟರ್. ನಿಮ್ಮ ಮೇಜಿನ ಮೇಲೆ ಅದು ಹತ್ತಿರಹತ್ತಿರ 10 ಸೆಂಟಿಮೀಟರ್. ಅಂದರೆ ನಿಮ್ಮ ಮಾಡೆಲ್‌ನಲ್ಲಿ 0.2 ಮಿಲಿಮೀಟರ್ ತಗ್ಗು ಉಳಿದರೆ, ದೊಡ್ಡ ವಿಮಾನದಲ್ಲಿ ಅದು 14 ಮಿಲಿಮೀಟರ್ ಅಗಲದ ಬಿರುಕು. ಕಿರುಬೆರಳು ಹೋಗುವಷ್ಟು ಬಿರುಕು ಇಟ್ಟುಕೊಂಡು ಯಾವ ಜೆಟ್ ಶಬ್ದದ ವೇಗ ದಾಟೀತು? ಕಣ್ಣು ಈ ಲೆಕ್ಕ ಮಾಡುವುದಿಲ್ಲ, ಆದರೆ ಆಟಿಗೆ ಎಂದು ಒಮ್ಮೆಲೇ ಗುರುತಿಸುತ್ತದೆ. ಬಣ್ಣದ ದಪ್ಪಕ್ಕೂ ಇದೇ ಲೆಕ್ಕ: 0.1 ಮಿಲಿಮೀಟರ್ ಬಣ್ಣವೆಂದರೆ ಅಲ್ಲಿ 7 ಮಿಲಿಮೀಟರ್ ಗಿಲಾಯಿ.

ಸೂಪರ್ ಗ್ಲೂ ಎರಡು ಹೋಳುಗಳ ನಡುವೆ ಪದರವಾಗಿ ನಿಲ್ಲುತ್ತದೆ; ಹೋಳುಗಳು ಹೋಳುಗಳಾಗಿಯೇ ಉಳಿಯುತ್ತವೆ. ಮಾಡೆಲ್‌ಗೆಂದೇ ಬರುವ ಲಿಕ್ವಿಡ್ ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುತ್ತದೆ, ಒಂದು ರೀತಿಯ ವೆಲ್ಡಿಂಗ್. ತಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ತಿನ್ ಬಾಟಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಮುಂದಿನ ಕಿಟ್‌ಗೆ ಮೊದಲು ಅದನ್ನು ತರಿಸಿ. ಎರಡು ಹೋಳು ಕೂಡಿಸಿ ಹಿಡಿದು, ಗೆರೆಗೆ ಬ್ರಶ್ಶಿನ ತುದಿ ಮುಟ್ಟಿಸಿದರೆ ಅದು ತಾನೇ ಒಳಗೆ ಹರಿಯುತ್ತದೆ. ಅರ್ಧ ನಿಮಿಷ ಬಿಟ್ಟು ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಗೆರೆಯುದ್ದಕ್ಕೂ ಸಣ್ಣಗೆ ಹೊರಗೆ ಉಕ್ಕಬೇಕು. ಅದನ್ನು ಒರೆಸಬೇಡಿ. ಎರಡು ಮೂರು ದಿನ ಬಿಟ್ಟು ಗಟ್ಟಿಯಾದ ಮೇಲೆ ಬ್ಲೇಡಿನ ಬೆನ್ನಿನಿಂದ ಕೆರೆದರೆ ಗೆರೆಯೇ ಇರುವುದಿಲ್ಲ.

ನಿಮ್ಮ ಈಗಿನ ವಿಮಾನಕ್ಕೆ ಆ ದಾರಿ ಮುಚ್ಚಿದೆ, ಸೂಪರ್ ಗ್ಲೂ ಒಳಗೆ ಕೂತಿದೆ. ಹಾಗಾದರೆ ಅದೇ ಅಂಟನ್ನು ಪುಟ್ಟಿಯಾಗಿ ಬಳಸಿ. ಸೂಜಿಯ ತುದಿಯಿಂದ ತಗ್ಗಿನುದ್ದಕ್ಕೂ ತುಂಬಿ, ಒಂದು ತಾಸಿನೊಳಗೆ ತಿಕ್ಕಿಬಿಡಿ. ಮರುದಿನಕ್ಕೆ ಬಿಟ್ಟರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ತಿಕ್ಕಿದಾಗ ಅಕ್ಕಪಕ್ಕದ ಪ್ಲಾಸ್ಟಿಕ್ ತಗ್ಗಾಗಿ ಅಂಟು ದಿಬ್ಬವಾಗಿ ಉಳಿಯುತ್ತದೆ. ಕಾರ್ ಪೇಂಟಿಂಗ್‌ನವರ ವಾಟರ್ ಪೇಪರ್ 400, 800, 1000 ಇದೇ ಕ್ರಮದಲ್ಲಿ, ನೀರು ಹಚ್ಚುತ್ತ. ನಡುವಿನ ನಂಬರ್ ಬಿಟ್ಟು ಹಾರಬೇಡಿ. 400ರ ಗೀರನ್ನು 2000 ಅಳಿಸುವುದಿಲ್ಲ. ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಡೈ ಪಾಲಿಶ್ ಮಾಡುವವರನ್ನು ಕೇಳಿ, ಇದೇ ಮಾತು ಹೇಳುತ್ತಾರೆ, ಸ್ವಲ್ಪ ಸಿಟ್ಟಿನಿಂದ. ಪೇಪರನ್ನು ಬೆರಳಿಗೆ ಸುತ್ತಿ ತಿಕ್ಕಿದರೆ ದುಂಡನೆಯ ಮೈ ಚಪ್ಪಟೆಯಾಗುತ್ತದೆ. ಹಳೆಯ ರಬ್ಬರ್ ಚಪ್ಪಲಿಯಿಂದ ಸಣ್ಣ ತುಂಡು ಕತ್ತರಿಸಿ ಅದಕ್ಕೆ ಸುತ್ತಿಕೊಳ್ಳಿ. ತಿಕ್ಕುವಾಗ ಅಳಿದುಹೋದ, ವಿಮಾನದ ತಗಡುಗಳ ಜೋಡಣೆ ತೋರಿಸುವ ಪ್ಯಾನಲ್ ಗೆರೆಗಳನ್ನು ಸೂಜಿಯಿಂದ, ದಪ್ಪ ಟೇಪಿನ ಅಂಚು ಹಿಡಿದು, ಒತ್ತದೆ ನಾಲ್ಕೈದು ಸಲ ಎಳೆದು ಮರಳಿ ಮೂಡಿಸಬಹುದು. ಗಾಳಿ ಒಳಹೋಗುವ ಮೂಗಿನ ಉಂಗುರ, ಹೊಟ್ಟೆಯ ಕೆಳಗಿನ ಡ್ರಾಪ್ ಟ್ಯಾಂಕ್ (ಹೆಚ್ಚುವರಿ ಇಂಧನದ ಟ್ಯಾಂಕ್), ಇವೆರಡರ ಗೆರೆಯನ್ನು ಎಲ್ಲರೂ ಮರೆಯುತ್ತಾರೆ.

ಬಾಲದ ಮೇಲೆ ಕೂಡುವುದಕ್ಕೆ ಮೂಗಿನಲ್ಲಿ ತೂಕವಿಲ್ಲದ್ದೇ ಕಾರಣ. ಮೂಗಿನ ಶಂಕುವನ್ನು ಬಿಡಿಸಲು ಬಂದರೆ ಅದರ ಹಿಂದೆ ಸೈಕಲ್ ಬೇರಿಂಗಿನ ಸಣ್ಣ ಉಕ್ಕಿನ ಗುಂಡುಗಳನ್ನು ತುಂಬಿ ಎರಡು ಟ್ಯೂಬಿನ ಎಪಾಕ್ಸಿಯಿಂದ ಭದ್ರ ಮಾಡಿ. ಮೀನಿನ ಗಾಳದ ಸೀಸದ ಗುಂಡನ್ನು ಫೆವಿಕಾಲ್ ಜೊತೆ ತುಂಬಬೇಡಿ. ಸೀಸ ವರ್ಷಾನುಗಟ್ಟಲೆಯಲ್ಲಿ ಬಿಳಿ ಪುಡಿಯಾಗಿ ಉಬ್ಬಿ ಮೈಯನ್ನೇ ಸೀಳಬಹುದು. ಶಂಕು ಬರದಿದ್ದರೆ ಚಿಂತೆ ಬಿಡಿ, ಒಂದು ಹಲಗೆಯ ಮೇಲೆ ಮೂರೂ ಗಾಲಿಗಳನ್ನು ಅಂಟಿಸಿಬಿಡಿ.

ಈಗ ಬಣ್ಣ ಯಾವುದು ಎಂಬ ಪ್ರಶ್ನೆ. ಇಲ್ಲಿ ನನ್ನದೊಂದು ಸಲಹೆ ಇದೆ, ಮಗಳನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು. ಟಿವಿಯಲ್ಲಿ ನೀವು ನೋಡಿದ್ದು ಬೈಸನ್, ಅಂದರೆ ಮಿಗ್-21ರ ಕೊನೆಯ ಸುಧಾರಿತ ಮಾದರಿ, ಬೂದು ಬಣ್ಣದ್ದು. ನಿಮ್ಮ ಪೆಟ್ಟಿಗೆಯಲ್ಲಿ ಬಂದದ್ದು ಅದಕ್ಕಿಂತ ಹಳೆಯ ಎಫ್‌ಎಲ್, ವಾಯುಪಡೆಯಲ್ಲಿ ಟೈಪ್ 77 ಎನ್ನುತ್ತಿದ್ದರು. ಬೈಸನ್‌ನ ಬೆನ್ನು ದಪ್ಪ, ಎಫ್‌ಎಲ್‌ದು ತೆಳು. ಬೂದು ಹಚ್ಚಿದ ಮಾತ್ರಕ್ಕೆ ಇದು ಅದಾಗುವುದಿಲ್ಲ. ಎಫ್‌ಎಲ್‌ಗಳು 2013ರ ಡಿಸೆಂಬರ್‌ನಲ್ಲೇ ಕಲೈಕುಂಡದಲ್ಲಿ ನಿವೃತ್ತಿಯಾದವು. ಅವು ಬಹುಕಾಲ ಬರೀ ಲೋಹದ ಮೈಯಲ್ಲಿ ಹಾರಿದ್ದು ನಿಜ, ಹಾಗಾಗಿ ನಿಮ್ಮ ಬೆಳ್ಳಿ ಬಣ್ಣ ತಪ್ಪಲ್ಲ. ಆದರೆ ಬೆಳ್ಳಿ ಬಣ್ಣ ಮಾಡೆಲ್ ಕಟ್ಟುವವರ ಕೊನೆಯ ಪರೀಕ್ಷೆ, ಮೊದಲನೆಯದಲ್ಲ. ಕೆಳಗಿರುವ ಕೂದಲೆಳೆಯಷ್ಟು ಗೀರನ್ನೂ ಅದು ಎತ್ತಿ ತೋರಿಸುತ್ತದೆ. ಚೆನ್ನಾಗಿ ಬರಬೇಕಾದರೆ ಕೆಳಗೆ ಕನ್ನಡಿ ಮಿಂಚುವಷ್ಟು ನುಣುಪಾದ, ಹೊಳಪಿನ ಕಪ್ಪು ಬಣ್ಣ ಬೇಕು, ಅದಕ್ಕೆ ಏರ್‌ಬ್ರಶ್ ಬೇಕೇಬೇಕು.

1971ರ ಯುದ್ಧದ ಹೊತ್ತಿಗೆ ಇದೇ ಎಫ್‌ಎಲ್‌ಗಳ ಬೆಳ್ಳಿ ಮೈಗೆ ನೆಲೆಗಳಲ್ಲೇ ಅವಸರದಿಂದ ಹಸಿರು ಮರೆಬಣ್ಣ ಹಚ್ಚಲಾಯಿತು. ಸ್ಕ್ವಾಡ್ರನ್ನಿನಿಂದ ಸ್ಕ್ವಾಡ್ರನ್ನಿಗೆ ಬಗೆ ಬೇರೆ. ಆ ವರ್ಷದ ಡಿಸೆಂಬರ್ 14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ರಾಕೆಟ್ ದಾಳಿ ಮಾಡಿದ್ದು ಮಿಗ್-21 ಎಫ್‌ಎಲ್‌ಗಳೇ. ನಿಮ್ಮ ವಿಮಾನವನ್ನು ಆ ರೂಪಕ್ಕೆ ತನ್ನಿ. ಹಸಿರು ಮ್ಯಾಟ್ (ಹೊಳಪಿಲ್ಲದ) ಬಣ್ಣ ಸಣ್ಣಪುಟ್ಟ ದೋಷಗಳನ್ನು ಕ್ಷಮಿಸುತ್ತದೆ, ಮಗಳಿಗೆ ಹೇಳಲು ಒಂದು ಕತೆಯೂ ಇರುತ್ತದೆ. ಒಂದೇ ಒಂದು ವಿಮಾನದ ಫೋಟೊ ಹುಡುಕಿ, ಬಾಲದ ನಂಬರಿನ ಸಮೇತ, ‘ಸಿ’ಯಿಂದ ಶುರುವಾಗುವ ನಂಬರ್, ಅದನ್ನೇ ಅನುಸರಿಸಿ. ನಾಲ್ಕು ಫೋಟೊ ಕಲಸಿದರೆ ಇಲ್ಲದ ವಿಮಾನವೊಂದು ಹುಟ್ಟುತ್ತದೆ.

ಬಣ್ಣಕ್ಕೆ ಮೊದಲು ಪ್ರೈಮರ್. ಕಾರಿಗೆ ಹೊಡೆಯುವ ಸ್ಪ್ರೇ ಡಬ್ಬಿಯ ಪ್ರೈಮರ್ ಬಳಸುವುದಾದರೆ ಮೊದಲು ಸ್ಪ್ರೂ ಕಡ್ಡಿಗೆ ಹೊಡೆದು ನೋಡಿ. ಕೆಲವು ಪ್ಲಾಸ್ಟಿಕ್ಕನ್ನು ಕಡಿಯುತ್ತವೆ. ಮಾಡೆಲ್‌ಗೆಂದೇ ಇರುವ ಬೂದು ಪ್ರೈಮರ್ ಸಿಕ್ಕರೆ ನಿಶ್ಚಿಂತೆ. ಒಂದು ಗೇಣು ದೂರದಿಂದ, ವಿಮಾನದ ಹೊರಗೆ ಶುರು ಮಾಡಿ ಹೊರಗೇ ಮುಗಿಸುವಂತೆ, ಮಂಜಿನಷ್ಟು ತೆಳುವಾಗಿ ಎರಡು ಮೂರು ಸಲ. ಒಣಗಿದ ಮೇಲೆ ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಅಡ್ಡಲಾಗಿ ಹಿಡಿದು ಬೆನ್ನು ನೋಡಿ. ಉಳಿದ ಗೆರೆ ನೆರಳು ಬೀಳಿಸಿ ತಾನೇ ಹೇಳುತ್ತದೆ. ಅಲ್ಲಿಗೆ ಮರಳಿ ಅಂಟು, ಮರಳಿ ಪೇಪರ್, ಮರಳಿ ಪ್ರೈಮರ್. ಬೇಸರದ ಕೆಲಸ, ಆದರೆ ಮೂರನೇ ಸುತ್ತಿಗೆ ಗೆರೆ ಸೋಲುತ್ತದೆ.

ನಿಮ್ಮೂರ ಹವೆಗೆ ತಕ್ಕ ಎರಡು ಮಾತು ಇಲ್ಲಿ ಹೇಳಬೇಕು. ಪುಸ್ತಕದಲ್ಲಿರುವ ಸೂಚನೆಗಳು ಬಾಗಲಕೋಟೆಯ ಏಪ್ರಿಲ್‌ಗೆ ಬರೆದವಲ್ಲ. 40 ಡಿಗ್ರಿ ದಾಟಿದ ಒಣ ಮಧ್ಯಾಹ್ನ ಸ್ಪ್ರೇ ಮಾಡಿದರೆ ಬಣ್ಣದ ಹನಿ ಪ್ಲಾಸ್ಟಿಕ್ಕಿಗೆ ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ, ಮೈಯೆಲ್ಲ ಉಸುಕು ಉಸುಕಾಗುತ್ತದೆ. ಬೆಳಿಗ್ಗೆ ಆರು-ಏಳರ ಒಳಗೆ ಮುಗಿಸಿ. ಸ್ಪ್ರೇ ಡಬ್ಬಿಯನ್ನು ಬಿಸಿಲಲ್ಲಿ, ಕಾರಿನೊಳಗೆ ಬಿಡಬೇಡಿ, ಸಿಡಿದೀತು. ನಮಗೆ ಬೆಳಗಾವಿಯಲ್ಲಿ ಇದರ ತಿರುವುಮುರುವು: ಜುಲೈ-ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಲ್ಯಾಕರ್ ಹೊಡೆದರೆ, ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಬಣ್ಣದಲ್ಲಿ ಸೇರಿ ಬಿಳಿಚುತ್ತದೆ. ಆ ತಿಂಗಳುಗಳಲ್ಲಿ ನಾನು ಕಟ್ಟುವ ಕೆಲಸವಷ್ಟೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಧೂಳು. ಒಣ ಹವೆಯಲ್ಲಿ ತಿಕ್ಕಿದ ಪ್ಲಾಸ್ಟಿಕ್ ವಿದ್ಯುತ್ ಹಿಡಿದುಕೊಂಡು ಕೋಣೆಯ ಧೂಳನ್ನೆಲ್ಲ ಎಳೆಯುತ್ತದೆ. ಬಾತ್‌ರೂಮಿನ ನೆಲ, ಗೋಡೆಗೆ ನೀರು ಹೊಡೆದು ಧೂಳು ಕುಳಿತ ಮೇಲೆ, ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ವಿಮಾನ ಒರೆಸಿ ಹೊರಗಿನ ಗಾಳಿಯಲ್ಲಿ ಬಣ್ಣ ಹೊಡೆದು, ಒಣಗಲು ಒಳಗೆ ತಂದು ದೊಡ್ಡ ಡಬ್ಬಿ ಮುಚ್ಚಿಡಿ. ಬಾತ್‌ರೂಮಿನಲ್ಲೇ ಬಾಗಿಲು ಹಾಕಿಕೊಂಡು ಸ್ಪ್ರೇ ಮಾಡಬೇಡಿ, ಗೀಸರ್ ಉರಿಯುತ್ತಿದ್ದರಂತೂ ಖಂಡಿತ ಬೇಡ.

ಹಸಿರನ್ನು ಬ್ರಶ್‌ನಿಂದಲೇ ಹಚ್ಚಿ. ನೀರಿನಲ್ಲಿ ತೆಳುವಾಗುವ ವ್ಯಾಲೆಹೊ ಬಗೆಯ ಅಕ್ರಿಲಿಕ್ ತೆಗೆದುಕೊಳ್ಳಿ. ತಮಿಯಾ ಅಕ್ರಿಲಿಕ್ ಏರ್‌ಬ್ರಶ್‌ಗೆ ಬಹಳ ಒಳ್ಳೆಯದು, ಬ್ರಶ್‌ಗೆ ಕಿರಿಕಿರಿ: ಅದರ ಆಲ್ಕೋಹಾಲ್ ಕೆಳಗಿನ ಕೋಟನ್ನು ಮರಳಿ ಕರಗಿಸುತ್ತದೆ. ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಮೊದಲ ಕೋಟ್ ನೋಡಿ ಇಬ್ಬರೂ ನಿರಾಶರಾಗುತ್ತೀರಿ, ಕೆಳಗಿನದೆಲ್ಲ ಕಾಣುತ್ತದೆ. ಕಾಣಲಿ. ಚಪ್ಪಟೆ ಬ್ರಶ್, ಮೂರು ನಾಲ್ಕು ಕೋಟ್, ನಡುವೆ ಪೂರ್ತಿ ಒಣಗಬೇಕು, ಅರೆ ಒಣಗಿದಲ್ಲಿ ಮರಳಿ ತೀಡಬಾರದು. ಹಸಿರಿನ ಅಂಚು ಸ್ಪ್ರೇ ಹಾಗೆ ಮಬ್ಬಾಗಿ ಬರಬೇಕಲ್ಲ ಎನ್ನಬೇಡಿ. ನಿಜ ವಿಮಾನದಲ್ಲಿ 5 ಸೆಂಟಿಮೀಟರ್ ಮಬ್ಬು ಅಂಚು ಇದ್ದರೂ ನಿಮ್ಮದರಲ್ಲಿ ಅದು 0.7 ಮಿಲಿಮೀಟರ್, ಬ್ರಶ್ಶಿನ ಅಂಚೇ ಸಾಕು. ಬಾಲದ ತುದಿ ಮತ್ತು ಮೂಗಿನ ಶಂಕು ಲೋಹದ್ದಲ್ಲ, ರೇಡಿಯೊ ಅಲೆ ಹಾಯಲೆಂದು ಬೇರೆ ವಸ್ತುವಿನಿಂದ ಮಾಡಿದ್ದು. ಲೋಹದ ಮೈಯ ದಿನಗಳಲ್ಲೂ ಅವು ದಟ್ಟ ಹಸಿರು. ಏರ್‌ಬ್ರಶ್ ಬೇಕೆನಿಸಿದರೆ ಮೂರನೇ ಮಾಡೆಲ್ ಮುಗಿದ ಮೇಲೆ ನೋಡಿ. ಆಗ 0.3 ಮಿಲಿಮೀಟರ್ ನಾಜಲ್, ಟ್ಯಾಂಕ್ ಇರುವ ಕಂಪ್ರೆಸರ್, ನೀರು ಹಿಡಿಯುವ ಫಿಲ್ಟರ್. ಒತ್ತಡ 15ರಿಂದ 20 ಪಿಎಸ್‌ಐ ಸಾಕು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ.

ಡೆಕಲ್ ಸುತ್ತಲಿನ ಬಿಳಿ ಪೊರೆ ಎಂದರೆ ಸಿಕ್ಕಿಕೊಂಡ ಗಾಳಿ. ಒರಟು ಮೈಯ ಗುಂಡಿಗಳ ಮೇಲೆ ಡೆಕಲ್‌ನ ತೆಳು ಪೊರೆ ಸೇತುವೆ ಕಟ್ಟುತ್ತದೆ, ಕೆಳಗಿನ ಗಾಳಿ ಬೆಳಕಿಗೆ ಹೊಳೆಯುತ್ತದೆ. ಹಸಿರು ಮ್ಯಾಟ್ ಒಣಗಿದ ಮೇಲೆ ಎರಡು ಕೋಟ್ ಹೊಳಪಿನ ಕ್ಲಿಯರ್ ವಾರ್ನಿಶ್ ಹಚ್ಚಿ, ನುಣುಪಾದ ಮೈಗೆ ಡೆಕಲ್ ಕೂಡಿಸಿ, ಎಲ್ಲ ಮುಗಿದ ಮೇಲೆ ಮ್ಯಾಟ್ ವಾರ್ನಿಶ್. ಡೆಕಲ್ ಮೆತ್ತಗೆ ಮಾಡುವ ದ್ರಾವಣ ತರಿಸಲಾಗದಿದ್ದರೆ ಬಿಳಿ ವಿನೆಗರ್‌ಗೆ ನೀರು ಬೆರೆಸಿ ಹಚ್ಚಿದರೂ ಅಷ್ಟೋ ಇಷ್ಟೋ ನಡೆಯುತ್ತದೆ. ಮತ್ತೆ ಗಾಳಿ ಕಂಡರೆ ಸೂಜಿಯಿಂದ ಚುಚ್ಚಿ ಮೇಲೊಂದು ಹನಿ.

ಆದರೆ ನೀರು ಯಾವುದು ಎಂಬುದನ್ನು ಯಾರೂ ಹೇಳುವುದಿಲ್ಲ. ಬಾಗಲಕೋಟೆ, ವಿಜಯಪುರದ ಬೋರ್‌ವೆಲ್ ನೀರು ಗಡಸು. ಬಕೀಟಿಗೆ ಬಿಳಿ ಕರೆ ಕಟ್ಟುವ ಆ ಉಪ್ಪೇ ಡೆಕಲ್ ಸುತ್ತ ಒಣಗಿ ಕಲೆಯಾಗುತ್ತದೆ, ನೀವು ಅದನ್ನೂ ಗಾಳಿಯೆಂದೇ ತಿಳಿಯುತ್ತೀರಿ. ಬ್ಯಾಟರಿ ಅಂಗಡಿಯಲ್ಲಿ ಒಂದು ಬಾಟಲಿ ಡಿಸ್ಟಿಲ್ಡ್ ವಾಟರ್ ತನ್ನಿ, ಉಗುರುಬೆಚ್ಚಗೆ ಮಾಡಿ ಬಳಸಿ. ಹೊಸ ಹಾಳೆ ಹಳದಿಯಾಗಿ ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಿಟಕಿಯ ಗಾಜಿಗೆ ಬಿಸಿಲ ಕಡೆ ಮುಖ ಮಾಡಿ ಅಂಟಿಸಿಡಿ. ಈ ಒಂದು ಕೆಲಸಕ್ಕೆ ನಿಮ್ಮೂರ ಬಿಸಿಲು ನಮ್ಮೂರದ್ದಕ್ಕಿಂತ ಒಳ್ಳೆಯದು. ವೃತ್ತದ ಚಿಹ್ನೆಯಲ್ಲಿ ಕೇಸರಿ ಹೊರಗೆ, ಹಸಿರು ಒಳಗೆ. ಬಾಲದ ಮೇಲಿನ ಪಟ್ಟಿಯಲ್ಲಿ ಎಡಬಲಕ್ಕೆ ಬೇರೆಬೇರೆ ತುಂಡುಗಳಿರುತ್ತವೆ, ನೀರಿಗೆ ಹಾಕುವಾಗ ಒಂದೊಂದಾಗಿ ಹಾಕಿ.

ಮಸಿ, ಕೊಳೆ, ಎಣ್ಣೆ ಸೋರಿದ ಗುರುತು ಇವನ್ನೆಲ್ಲ ಹಚ್ಚಬೇಕೆ? ನನ್ನ ಮಟ್ಟಿಗೆ ಬಾಲದ ನಳಿಕೆಯ ಸುತ್ತ, ಗಾಲಿಯ ಗುಂಡಿಯಲ್ಲಿ ಚೂರು ಸಾಕು. ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿರುವ ವಾಯುಪಡೆಯ ಏರ್‌ಮನ್ ತರಬೇತಿ ಶಾಲೆಯಲ್ಲಿ ಕಲಿತು ನಿವೃತ್ತರಾಗಿ ಇತ್ತಲೇ ನೆಲೆಸಿದವರು ಕೆಲವರಿದ್ದಾರೆ. ಹೊಲಸು ಮೆತ್ತಿದ ಮಾಡೆಲ್ ತೋರಿಸಿದರೆ, ವಿಮಾನದ ನಿಗಾ ನೋಡುವ ನೆಲದ ಸಿಬ್ಬಂದಿಯ ಮುಖ್ಯಸ್ಥನನ್ನು ನೆನೆದು ಅವರು ಕೇಳುವ ಮೊದಲ ಪ್ರಶ್ನೆ, ‘ಯಾರ್ರೀ ಇದರ ಕ್ರೂ ಚೀಫ್?’

ಮೂಗಿನ ಮೇಲಿನ ಉದ್ದ ಪಿಟೊ ಕೊಳವೆ (ವಿಮಾನದ ವೇಗ ಅಳೆಯಲು ಬಳಸುವುದು) ಇಷ್ಟರಲ್ಲಿ ಒಮ್ಮೆಯಾದರೂ ಮುರಿದಿರುತ್ತದೆ, ಅಥವಾ ಈ ರಿಪೇರಿಯಲ್ಲಿ ಮುರಿಯುತ್ತದೆ. ಮೆಡಿಕಲ್ ಅಂಗಡಿಯಿಂದ ಎರಡು ಅಳತೆಯ ಇಂಜೆಕ್ಷನ್ ಸೂಜಿ ತಂದು, ಮೊನೆ ತಿಕ್ಕಿ ಮೊಂಡು ಮಾಡಿ, ಸಣ್ಣದನ್ನು ದೊಡ್ಡದರೊಳಗೆ ತೂರಿಸಿ ಅಂಟಿಸಿ. ಪ್ಲಾಸ್ಟಿಕ್ ಕೊಳವೆಗಿಂತ ನೇರವಾಗಿ, ಸಪೂರವಾಗಿ ಕಾಣುತ್ತದೆ. ಇದನ್ನು ಎಲ್ಲಕ್ಕಿಂತ ಕೊನೆಗೆ, ಮ್ಯಾಟ್ ವಾರ್ನಿಶ್ ಒಣಗಿ ಗಾಜು ಕೂಡಿಸಿದ ಮೇಲೆಯೇ ಹಾಕಿ.